ಹಿಮ ನೆಲಕ್ಕಿಳಿದ ವರ್ಷ

ನನ್ನ ಗಂಡ ಮಿಮೂನ್‌ನನ್ನು ಹುಲ್ಲಿನ ಯಜಮಾನನನ್ನಾಗಿ ಮಾಡಿದ್ದು ಅವನಿಗೆ ಮಾತು ಬರುತ್ತದೆ ಎಂದಲ್ಲ, ಬರುವುದಿಲ್ಲ ಎಂದು. ನಮ್ಮ ಕಣಿವೆಯಲ್ಲಿ ಮೂರು ಕುಲಗಳಿವೆ, ವರ್ಷಕ್ಕೊಂದು ಕುಲದ ಸರದಿ. ಆದರೆ ಸರದಿಯವರು ತಮ್ಮ ಯಜಮಾನನನ್ನು ತಾವೇ ಆರಿಸುವ ಹಾಗಿಲ್ಲ, ಉಳಿದೆರಡು ಕುಲದವರು ಕೂತು ಆರಿಸಬೇಕು. ಇಂಥ ಏರ್ಪಾಟಿನಲ್ಲಿ ಯಾರು ತಾನೇ ಗಟ್ಟಿ ಆಳನ್ನು ಹುಡುಕಿ ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ? ಕುರಿಗಳನ್ನು ಬಿಟ್ಟರೆ ಮತ್ಯಾರ ಮೇಲೂ ದನಿ ಎತ್ತದವನು, ಹೆಂಡತಿ ಬೈದರೆ ಚಹಾ ಲೋಟ ತಿರುಗಿಸುತ್ತ ಕೂರುವವನು, ಅವರಿಗೆ ಹೇಳಿ ಮಾಡಿಸಿದ ಹಾಗೆ ಕಂಡ. ಎಲೆ ಉದುರುವ ಕಾಲದ ಒಂದು ಬೆಳಿಗ್ಗೆ ಮಸೀದಿಯ ಮುಂದಿನ ಬಯಲಿನಲ್ಲಿ ಅವನ ರುಮಾಲಿಗೆ ಹಸಿರು ಹುಲ್ಲಿನ ಗೊಂಚಲು ಸಿಕ್ಕಿಸಿದರು. ನಾವು ಹೆಂಗಸರು ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ಬೇರೆಯವರ ಕುರಿ ತನ್ನ ಹಿಂಡಿನಲ್ಲಿ ಸಿಕ್ಕಿಬಿದ್ದವನ ಹಾಗೆ ಮುಖ ಮಾಡಿಕೊಂಡು ನಿಂತಿದ್ದ, ಪಾಪ.

ಹುಲ್ಲಿನ ಯಜಮಾನನದು ಸಣ್ಣ ಕೆಲಸ ಎನ್ನುವವರು ಎನ್ನಲಿ. ಬೇಸಿಗೆಯ ಹುಲ್ಲುಗಾವಲಿಗೆ ಕುರಿ ಹತ್ತಿಸುವ ದಿನ, ಅಕ್ರೋಟು ಬಡಿಯುವ ದಿನ, ಎಲ್ಲವೂ ಅವನ ಬಾಯಿಂದಲೇ ಬರಬೇಕು. ಅಲ್ಲಿಯವರೆಗೆ ಅದು ಅಗ್ದಾಲ್, ಅಂದರೆ ಮುಚ್ಚಿದ್ದು, ಯಾರೂ ಕೈ ಹಾಕಬಾರದ್ದು. ಹಾಕಿದವರು ಒಂದು ಟಗರು ಕಡಿದು ಮೂರು ಕುಲದ ಹಿರಿಯರಿಗೂ ಊಟ ಹಾಕಬೇಕು. ಸ್ವಂತ ಹಿತ್ತಲಿನ ಮರದ ಕಾಯಿಯನ್ನು ಮುಂಚೆ ಕಿತ್ತರೂ ಅದೇ ದಂಡ.

ಆದರೆ ಆ ವರ್ಷ ನನ್ನ ತಲೆಯಲ್ಲಿದ್ದದ್ದು ಹುಲ್ಲೂ ಅಲ್ಲ, ಅಕ್ರೋಟೂ ಅಲ್ಲ, ನನ್ನ ಮಗಳು ತೂದಾ. ಅವಳಿಗೆ ಕೆಳಕೇರಿಯ ಜೈದ್ ಮೇಲೆ ಮನಸ್ಸು. ಹುಡುಗನಲ್ಲಿ ಕೊಂಕು ಹುಡುಕಿ ಹುಡುಕಿ ನನಗೇ ಸಾಕಾಯಿತು. ದುಡಿಯುತ್ತಾನೆ, ನಗುತ್ತಾನೆ, ಹೇಸರಗತ್ತೆಗೆ ಹೊಡೆಯುವುದಿಲ್ಲ. ಕೊಂಕಿದ್ದದ್ದು ಅವನ ಕೇರಿಯ ನೀರಿನಲ್ಲಿ. ಕಾಡಿನ ಬುಡದ ಬುಗ್ಗೆಯಿಂದ ಹೊರಟ ಕಾಲುವೆ ಮೊದಲು ನಮ್ಮ ಮೇಲ್ಕೇರಿಗೆ ಬರುತ್ತದೆ, ಆಮೇಲೆ ಕೆಳಕೇರಿಗೆ ಇಳಿಯುತ್ತದೆ. ನಾನು ಹುಡುಗಿಯಾಗಿದ್ದಾಗ ಅಕ್ರೋಟು ಉದುರುವವರೆಗೂ ಕಾಲುವೆಯ ಬಾಲದಲ್ಲೂ ಕೊಡ ಮುಳುಗುವಷ್ಟು ನೀರಿರುತ್ತಿತ್ತು. ಈಚೆಗೆ ಬಾರ್ಲಿ ಕುಯ್ದು ಬಣವೆ ಹಾಕುವ ಹೊತ್ತಿಗೇ ಕೆಳಕೇರಿಯಲ್ಲಿ ಕಾಲುವೆ ಒಣಗಿ ಬಿರುಕು ಬಿಡುತ್ತಿತ್ತು. ಅಲ್ಲಿನ ಹೆಂಗಸರು ಹೊಳೆಗೆ ಇಳಿದು, ಆ ಕಡಿದಾದ ದಾರಿಯಲ್ಲಿ ನೀರು ಹೊತ್ತು ಹತ್ತಬೇಕು. ಜೈದ್‌ನ ತಾಯಿ ಯಾಮ್ನಾ ನನಗಿಂತ ಚಿಕ್ಕವಳು, ಆದರೂ ಅವಳ ಮಂಡಿ ನೋಡಿದರೆ ನನ್ನ ಅತ್ತೆಯ ಮಂಡಿ ನೆನಪಾಗುತ್ತಿತ್ತು.

ಯಾಮ್ನಾ ನೀಲಿ ಕಾಗದ ಸುತ್ತಿದ, ಗೋಪುರದ ಹಾಗೆ ಎರಕ ಹೊಯ್ದ ಸಕ್ಕರೆ ಗಟ್ಟಿ ಹಿಡಿದುಕೊಂಡು ಹೆಣ್ಣು ಕೇಳಲು ಬಂದಾಗ ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಮಾತಾಡಿ ನನಗೆ ಗೊತ್ತೂ ಇಲ್ಲ.

“ನಿನ್ನ ಮಗ ಚಿನ್ನ ಕಣೆ ಯಾಮ್ನಾ,” ಅಂದೆ. “ಆದ್ರೆ ನನ್ನ ಮಗಳನ್ನ ಹೊಳೆಯಿಂದ ನೀರು ಹೊರೋಕೆ ಅಂತ ನಾನು ಹೆತ್ತಿಲ್ಲ. ಅಕ್ರೋಟು ಬೀಳೋವರೆಗೂ ನಿಮ್ಮ ಕೇರಿ ಕಾಲುವೇಲಿ ನೀರು ಹರೀಲಿ, ಅವತ್ತೇ ಹೆಣ್ಣು ಕೊಡ್ತೀನಿ.”

ಯಾಮ್ನಾ ಕೆಂಪಾದಳು, ಆದರೆ ಎದ್ದು ಹೋಗಲಿಲ್ಲ. “ಒಂದು ವರ್ಷ ಕಾಯ್ತೀವಿ ಇತ್ತೊ,” ಎಂದು ನನ್ನ ಹೆಸರು ಹಿಡಿದೇ ಅಂದಳು. “ಬರೋ ಅಕ್ರೋಟಿನವರೆಗೆ. ಆಮೇಲೆ ನಾವು ಬೇರೆ ಬಾಗಿಲು ತಟ್ತೀವಿ, ನೀನು ಬೇಜಾರು ಮಾಡ್ಕೋಬೇಡ.”

ಸಕ್ಕರೆ ಒಡೆದರೆ ಒಪ್ಪಿದ ಹಾಗೆ, ವಾಪಸ್ಸು ಕಳಿಸಿದರೆ ಒಲ್ಲೆ ಎಂದ ಹಾಗೆ. ನಾನು ಎರಡೂ ಮಾಡದೆ ಗೋಡೆಯ ಗೂಡಿನಲ್ಲಿಟ್ಟೆ. ತೂದಾ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಮೊದಲೇ ಒಬ್ಬ ಮೂಗನ ಜೊತೆ ಸಂಸಾರ ಮಾಡುತ್ತಿದ್ದೆ, ಈಗ ಇಬ್ಬರಾದರು.

ಬುಗ್ಗೆಯ ಮೇಲಿನ ಗುಡ್ಡದಲ್ಲಿ ನಮ್ಮ ದೇವದಾರು ಕಾಡಿದೆ. ಅದೂ ಅಗ್ದಾಲ್. ಅದನ್ನು ಮುಚ್ಚಿದ ಕತೆಯನ್ನು ಜೈದ್‌ನ ತಾತ ಬೆನ್ನಾಸರ್ ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಅವನ ತಾತನ ಕಾಲದಲ್ಲಿ ಇದ್ದಿಲು ಸುಡುವವರು ಗುಡ್ಡವನ್ನು ಬೋಳಿಸಿಬಿಟ್ಟಿದ್ದರು. ಒಂದು ವಸಂತದಲ್ಲಿ ಬಿಸಿಲು ಕಾದದ್ದೇ ತಡ, ಹಿಮವೆಲ್ಲ ಒಟ್ಟಿಗೆ ಕರಗಿ, ಮಣ್ಣು ಕಲ್ಲು ಎಳೆದುಕೊಂಡು ಬಂದು ಕೆಳಕೇರಿಯ ಅರ್ಧ ಮನೆಗಳನ್ನು ಹೊತ್ತೊಯ್ದಿತ್ತು. ಮೂರು ಕುಲದವರೂ ಸಂತನ ಗೋರಿ ಮುಟ್ಟಿ ಆಣೆ ಮಾಡಿ ಕಾಡು ಮುಚ್ಚಿದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಅಂದಿನಿಂದ ಅಲ್ಲಿಗೆ ಒಬ್ಬನೂ ಕೊಡಲಿ ಹಿಡಿದು ಹೋಗಿಲ್ಲ, ನಾವು ಹೆಂಗಸರು ಕೆಳಗೆ ಬಿದ್ದ ಒಣ ಕಡ್ಡಿ ಆಯ್ದು ತರುವುದಷ್ಟೇ. ದೊಡ್ಡ ಮರಗಳ ಕಂಕುಳಲ್ಲಿ ಸಣ್ಣವು, ಸಣ್ಣವುಗಳ ಕಂಕುಳಲ್ಲಿ ಇನ್ನೂ ಸಣ್ಣವು ಎದ್ದು, ಈಗ ಅಲ್ಲಿ ಕೋತಿಗಳೂ ಮೈ ಓರೆ ಮಾಡಿಕೊಂಡೇ ನುಸುಳಬೇಕು.

ಬುಗ್ಗೆ ಸೊರಗಿದಷ್ಟೂ ನಮ್ಮವರು ಕಾಡನ್ನು ಇನ್ನಷ್ಟು ಬಿಗಿಯಾಗಿ ಕಾದರು. ಮರ ಇದ್ದರೆ ನೀರು, ನೀರು ಕಡಿಮೆಯಾದರೆ ಮರ ಸಾಲದು, ಅಷ್ಟೇ ಲೆಕ್ಕ. ಅಜ್ರೂ ಪೇಟೆಯಿಂದ ಬರುವ ಅರಣ್ಯ ಇಲಾಖೆಯ ಎಂಜಿನಿಯರ್ ಹುಡುಗಿ ಶಾಮಾ ಆ ಲೆಕ್ಕ ತಪ್ಪು ಎಂದು ಹೇಳತೊಡಗಿ ಎರಡು ಚಳಿಗಾಲ ಆಗಿತ್ತು. ಕೆಂಪು ಬಿಳಿ ಪಟ್ಟೆಯ ಕೋಲುಗಳನ್ನು ಕಾಡಿನ ತುಂಬ ನೆಟ್ಟು, ಹಿಮ ಎಷ್ಟು ಬಿತ್ತು, ಎಷ್ಟು ದಿನ ನಿಂತಿತು ಎಂದು ನೋಡುತ್ತಿದ್ದಳು. ಕಾಡು ವಿಪರೀತ ಒತ್ತಾಗಿದೆ, ಅಲ್ಲಲ್ಲಿ ಬಿಡಿಸಬೇಕು ಎಂದು ಅವಳು ಹೇಳಿದರೆ ನಮ್ಮವರ ಕಿವಿಗೆ ಬೀಳುತ್ತಿದ್ದದ್ದು ಲಾರಿಗಳ ಸದ್ದು. ಪಕ್ಕದ ಕಣಿವೆಯಿಂದ ದೇವದಾರು ತುಂಬಿಕೊಂಡು ಹೋದ ಲಾರಿಗಳನ್ನು ಎಲ್ಲರೂ ನೋಡಿದ್ದರು. ಅವಳಿಗೆ ಚಹಾ ಕೊಟ್ಟರು, ರೊಟ್ಟಿ ಬೆಣ್ಣೆ ಕೊಟ್ಟರು, ಒಪ್ಪಿಗೆ ಮಾತ್ರ ಕೊಡಲಿಲ್ಲ.

ಮಿಮೂನ್‌ನ ರುಮಾಲಿನ ಹುಲ್ಲು ಇನ್ನೂ ಬಾಡಿರಲಿಲ್ಲ, ಆ ವರ್ಷದ ಮೊದಲ ಹಿಮ ಬಿತ್ತು. ಮಾರನೆಯ ಬೆಳಿಗ್ಗೆ ಅವನು ಹಿರಿಯರ ಬಾಗಿಲು ತಟ್ಟಿ, ಕಾಡಿಗೆ ಬನ್ನಿ ಎಂದ. ಯಾಕೆ ಅಂದರೆ ಹೇಳಲಿಲ್ಲ. ಯಜಮಾನ ಕರೆದ ಮೇಲೆ ಹೋಗದೆ ವಿಧಿಯಿಲ್ಲ, ಗೊಣಗುತ್ತ ಹೊರಟರು. ಸೌದೆಯ ನೆಪ ಮಾಡಿಕೊಂಡು ನಾವು ನಾಲ್ಕಾರು ಹೆಂಗಸರೂ ಹಿಂದೆ ಬಿದ್ದೆವು. ಮಿಮೂನ್ ಹೇಳಿ ಕಳಿಸಿದ್ದನೇನೋ, ಶಾಮಾ ತನ್ನ ಕೋಲುಗಳ ಹತ್ತಿರ ಮೊದಲೇ ಬಂದು ನಿಂತಿದ್ದಳು.

ಮಿಮೂನ್ ಅವರನ್ನು ಮೊದಲು ಕರೆದೊಯ್ದದ್ದು ಕಾಡಿನ ಒತ್ತು ಭಾಗಕ್ಕೆ. ಅಲ್ಲಿ ನೆಲದಲ್ಲಿ ಹಿಮವೇ ಇರಲಿಲ್ಲ. ಉದುರಿದ ಒಣ ಸೂಜಿ ಎಲೆ, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಕೋಳಿ ಬಿಟ್ಟರೆ ಕೆದಕಿ ಮೇಯುವ ಹಾಗಿತ್ತು. ಊರ ಅಂಗಳದಲ್ಲಿ ಮೊಣಕಾಲಿನವರೆಗೆ ಬಿದ್ದ ಹಿಮ ಇಲ್ಲೇಕೆ ಬೀಳಲಿಲ್ಲ ಎಂದು ಬೆನ್ನಾಸರ್ ಕೇಳಿದ. ಮಿಮೂನ್ ಕೋಲೆತ್ತಿ ಮೇಲೆ ತೋರಿಸಿದ. ಹಿಮ ಇದ್ದದ್ದು ಅಲ್ಲಿ. ಕೊಂಬೆಗೆ ಕೊಂಬೆ ಹೆಣೆದು ಮಾಡಿಗೆ ಮಾಡು ಕೂಡಿಸಿದಂತಿತ್ತು, ಅದರ ಮೇಲೆ ಅಷ್ಟೂ ಹಿಮ ಕೂತಿತ್ತು. ಬಿಸಿಲು ಬೀಳುತ್ತಿತ್ತು, ಗಾಳಿ ಬೀಸುತ್ತಿತ್ತು, ಹಿಮ ಬಿಳಿ ಹೊಗೆಯಾಗಿ ಎದ್ದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು.

ಆಮೇಲೆ ಇದ್ದಿಲಿನವರು ಬೋಳಿಸಿದ ಹಳೆಯ ದಿಣ್ಣೆಗೆ ಹೋದೆವು. ಅಲ್ಲಿ ಇವತ್ತಿಗೂ ಮರ ಹುಟ್ಟಿಲ್ಲ. ಗಾಳಿ ಅಲ್ಲಿನ ಹಿಮವನ್ನು ಬಂಡೆ ಕಾಣುವ ಹಾಗೆ ಗುಡಿಸಿ ಹಾಕಿತ್ತು. ಕೊನೆಗೆ ಸಿಡಿಲು ಬಡಿದು ಮುದಿ ಮರವೊಂದು ಉರುಳಿದ ಜಾಗ ಬಂತು. ಸುತ್ತ ಎತ್ತರದ ದೇವದಾರುಗಳು, ನಡುವೆ ಆ ಮರ ಮಲಗಿದಷ್ಟು ಬಯಲು. ಮುಂದೆ ಹೋದ ಬೆನ್ನಾಸರ್ ತೊಡೆಯವರೆಗೆ ಹೂತುಹೋದ. ಅವನನ್ನು ಎಳೆದು ತೆಗೆಯಲು ಇಬ್ಬರು ಬೇಕಾಯಿತು. ಸೌದೆಗೆ ಹೋಗುವ ನಮಗೆ ಇದೇನು ಹೊಸದಲ್ಲ, ಆ ಜಾಗ ಬಂದರೆ ನಾವು ಸುತ್ತಿ ಹೋಗುತ್ತೇವೆ. ಕಾಲು ಹೂತುಹೋಗದ ಜಾಗ ಹುಡುಕುವುದರಲ್ಲೇ ನಮ್ಮ ಜನ್ಮ ಹೋಗಿತ್ತು, ಹೂತುಹೋಗುವ ಜಾಗಕ್ಕೂ ಬುಗ್ಗೆಗೂ ನಂಟಿದೆ ಎಂದು ನನಗೊಮ್ಮೆಯೂ ಹೊಳೆದಿರಲಿಲ್ಲ.

ಒಂದು ವಾರ ಬಿಸಿಲು ಕಾದ ಮೇಲೆ ಮಿಮೂನ್ ಅವರನ್ನು ಮತ್ತೆ ಹತ್ತಿಸಿದ. ದಿಣ್ಣೆ ಒಣಗಿತ್ತು. ಒತ್ತು ಕಾಡಿನಲ್ಲಿ ಮರದ ತುದಿಗಳು ಖಾಲಿ, ಕೆಳಗಿನ ಮಣ್ಣು ಮೇಲೆ ಮೇಲೆ ಮಾತ್ರ ಒದ್ದೆ. ಸಿಡಿಲಿನ ಮರದ ಬಯಲಿನಲ್ಲಿ ಮಾತ್ರ ಹಿಮ ಇನ್ನೂ ಮೊಣಕಾಲೆತ್ತರ, ಸುತ್ತಲ ಮರಗಳ ನೆರಳಿನಲ್ಲಿ ಹಾಯಾಗಿ ಮಲಗಿತ್ತು. ಅದರ ಅಂಚಿನಲ್ಲಿ ಮಿಮೂನ್ ಕೋಲು ಚುಚ್ಚಿದ, ಅದು ಸಲೀಸಾಗಿ ಇಳಿಯಿತು, ಎತ್ತಿದಾಗ ಕೆಸರು ಮೆತ್ತಿಕೊಂಡು ಬಂತು. ಶಾಮಾ ಆಗ ತನ್ನ ಎರಡು ಚಳಿಗಾಲದ ಕೋಲುಗಳ ಮಾತು ಹೇಳಿದಳು. ಈ ಸಲ ಅವಳ ಮಾತಿಗೆ ಎದುರಿಗೇ ಸಾಕ್ಷಿ ಇತ್ತು, ಅವತ್ತು ಒದ್ದೆಯಾದ ಬೆನ್ನಾಸರ್‌ನ ಪಾಯಿಜಾಮವನ್ನೂ ಯಾರೂ ಮರೆತಿರಲಿಲ್ಲ.

ಆದರೂ ಸಭೆ ಕೂತಾಗ ಬೆನ್ನಾಸರ್ ತಕರಾರು ತೆಗೆದ. ಕಣ್ಣಲ್ಲಿ ಕಂಡದ್ದನ್ನು ಅವನು ಅಲ್ಲಗಳೆಯಲಿಲ್ಲ. ಆದರೆ ಆಣೆ ಆಣೆಯೇ, ತಾತ ಗೋರಿ ಮುಟ್ಟಿ ಮುಚ್ಚಿದ ಕಾಡನ್ನು ಮೊಮ್ಮಗ ತೆರೆದರೆ ಕೇರಿಗೆ ಕೇಡು ಎಂದ. ಹಲವರು ತಲೆಯಾಡಿಸಿದರು. ನಾನು ಗೋಡೆಯಾಚೆ ಉಣ್ಣೆ ಬಾಚುವ ನೆಪದಲ್ಲಿ ಕೂತಿದ್ದೆ. ಮುಗಿಯಿತು, ತೂದಾ ಗತಿ ಇನ್ನು ಅಷ್ಟೇ ಅಂದುಕೊಂಡೆ. ಆಗ ನನ್ನ ಗಂಡನ ದನಿ ಕೇಳಿತು.

“ಹುಲ್ಲುಗಾವಲಿಗೂ ಅಗ್ದಾಲ್ ಹಾಕ್ತೀವಿ,” ಅಂದ. “ಅಕ್ರೋಟಿಗೂ ಹಾಕ್ತೀವಿ. ಹಾಕಿ ತೆಗೀದೆ ಬಿಟ್ಟಿದ್ದು ಯಾವತ್ತಾದ್ರೂ ಉಂಟಾ? ಹುಲ್ಲು ಬಲೀಲಿ ಅಂತ ಮುಚ್ಚೋದು, ಬಲಿತ ಮೇಲೆ ತೆರೆಯೋದು. ಎರಡೂ ಸೇರಿದ್ರೇನೇ ಅಗ್ದಾಲ್. ಕಾಡು ಬಲೀಲಿ ಅಂತ ತಾತಂದಿರು ಮುಚ್ಚಿದ್ರು. ತೆರೆಯೋ ದಿನ ಬರೋದ್ರೊಳಗೆ ಅವರು ಹೋದ್ರು. ಆ ದಿನ ಹೇಳ್ಬೇಕಾಗಿದ್ದೋರು ನಾವು. ಹೇಳ್ಲಿಲ್ಲ.”

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ನಾನು ಕೇಳಿರಲಿಲ್ಲ. ಬಾಚಣಿಗೆ ಬೆರಳಿಗೆ ಚುಚ್ಚಿ ರಕ್ತ ಬಂದದ್ದೂ ಗೊತ್ತಾಗಲಿಲ್ಲ. ಆಮೇಲೆ ಬೆನ್ನಾಸರ್ ಕೆಮ್ಮಿ, ಲಾರಿ ಒಂದೂ ಬರಕೂಡದು ಎಂದ. ಒಂದು ಹಲಗೆಯೂ ಕಣಿವೆ ಬಿಟ್ಟು ಹೋಗಕೂಡದು, ಮುದಿ ಮರಗಳನ್ನು ಮುಟ್ಟಕೂಡದು ಎಂದ. ಶಾಮಾ ಎಲ್ಲಕ್ಕೂ ಹೂಂ ಅಂದಳು, ಪೇಟೆಗೆ ಹೋಗಿ ಬುಗ್ಗೆಯ ನೆತ್ತಿಯ ಇಳಿಜಾರಿಗೆ ಮಾತ್ರ ಅನುಮತಿ ಹೊಂಚಿಕೊಂಡು ಬಂದಳು. ಮರ ಉರುಳಿದರೆ ಎಷ್ಟು ನೆಲದ ಮೇಲೆ ಮಲಗುತ್ತದೋ ಅಷ್ಟೇ ಬಯಲು, ಅದಕ್ಕಿಂತ ಒಂದು ಹೆಜ್ಜೆಯೂ ಹೆಚ್ಚಿಲ್ಲ ಎಂಬುದು ಒಪ್ಪಂದ. ಹೆಚ್ಚಾದರೆ ಹಿಮವನ್ನು ಬಿಸಿಲು ತಿನ್ನುತ್ತದೆ, ಕಡಿಮೆಯಾದರೆ ಮರವೇ ತಿನ್ನುತ್ತದೆ ಎಂದಳು ಆ ಹುಡುಗಿ.

ಮೂರು ಕುಲದ ಗಂಡಸರೂ ಕೊಡಲಿ ಹಿಡಿದು ಹತ್ತಿದರು. ನನಗೂ ಶಾಮಾಗೂ ದಿನಾ ಜಗಳ. ಅವಳು ಕೆಂಪು ಬಣ್ಣ ಬಳಿದ ಮರಗಳಲ್ಲಿ ಒಂದರ ಕೆಳಗೆ ನಾನು ಬಸುರಿಯಾಗಿದ್ದಾಗ ದಿನವೂ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಆ ಗುರುತನ್ನು ನನ್ನ ಸೆರಗಿನಿಂದ ಉಜ್ಜಿ ಅಳಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, ಸರಿ, ಹಾಗಾದರೆ ಬದಲಿಗೆ ನೀವೇ ಒಂದು ಕೊಡಿ ಎಂದಳು. ಹೀಗೆ ಚೌಕಾಸಿ ಮಾಡಿ ಮಾಡಿ, ನೆಲಕ್ಕೆ ಬೆಳಕು ಬೀಳುವ ಹತ್ತಾರು ಬಯಲುಗಳನ್ನು ತೆರೆದದ್ದಾಯಿತು. ಕಡಿದ ಎಳೆ ಮರಗಳು ಮನೆಮನೆಗೂ ಹಂಚಿಹೋದವು, ಯಾಮ್ನಾಳ ಕುಸಿದ ಮಾಳಿಗೆಗೆ ಹೊಸ ತೊಲೆ ಬಂತು.

ಆಮೇಲೆ ನಿಜವಾದ ಚಳಿಗಾಲ ಬಂತು. ಕೋಲು ನೋಡಲು ಬಂದ ಶಾಮಾ ಹಿಮದಲ್ಲಿ ಸಿಕ್ಕಿ ನಮ್ಮ ಮನೆಯಲ್ಲೇ ಉಳಿದಳು. ರಸ್ತೆ ಮುಚ್ಚಿತ್ತು, ಮನೆಯಲ್ಲಿ ಸಕ್ಕರೆ ಮುಗಿದಿತ್ತು. ನಾನು ಕೊಟ್ಟಿಗೆಯಲ್ಲಿ ಕುರಿಗಳಿಗೆ ಹುಲ್ಲು ಹಾಕುತ್ತಿದ್ದಾಗ ಒಳಗಿನಿಂದ ಟಕ್ ಟಕ್ ಎಂದು ಸಕ್ಕರೆ ಒಡೆಯುವ ಸುತ್ತಿಗೆಯ ಸದ್ದು ಬಂತು. ಯಾವ ಸಕ್ಕರೆ? ನಾನು ಓಡಿ ಬಂದು ನೋಡಿದರೆ ನೀಲಿ ಕಾಗದ ಹರಿದು ಬಿದ್ದಿದೆ, ಯಾಮ್ನಾ ತಂದ ಗೋಪುರದ ತಲೆಯನ್ನು ತೂದಾ ಆಗಲೇ ಹಾರಿಸಿದ್ದಾಳೆ.

“ಏನೇ ಮಾಡ್ತಿದ್ದೀಯ?” ಅಂದೆ.

“ಮನೆಗೆ ಬಂದೋರಿಗೆ ಚಹಾ ಕೊಡ್ಬೇಡ್ವಾ ಅವ್ವ?” ಅಂದಳು. ತಿಂಗಳುಗಳ ಮೇಲೆ ಆಡಿದ ಮೊದಲ ಮಾತು.

ಮಿಮೂನ್ ಗೋಡೆಯ ಕಡೆ ತಿರುಗಿ ಕೂತಿದ್ದ, ಬೆನ್ನು ಮಾತ್ರ ಕುಲುಕುತ್ತಿತ್ತು. ಇದು ಅತಿಥಿಗೆ ಒಡೆದ ಸಕ್ಕರೆ, ಇದರಿಂದ ಯಾವ ಸಂಬಂಧವೂ ಕುದುರಿದ ಹಾಗಲ್ಲ, ನನ್ನ ಮಾತು ನನ್ನ ಮಾತೇ ಎಂದು ನಾನು ನಾಲ್ಕು ಗೋಡೆಗೂ ಕೇಳುವ ಹಾಗೆ ಹೇಳಿದೆ. ಏನೂ ಅರಿಯದ ಶಾಮಾ ಎರಡನೆಯ ಲೋಟ ಕೇಳಿದಳು. ಅಂದಿನಿಂದ ತೂದಾ ಅವಳ ಜೊತೆ ಸೇರಿ ಕೋಲು ನೋಡಲು ಹೋಗತೊಡಗಿದಳು. ಬಯಲುಗಳಲ್ಲಿ ಹಿಮ ಸೊಂಟ ಮುಟ್ಟಿದೆ ಎಂದು ಬಂದು ಅಪ್ಪನಿಗೆ ಹೇಳುವಳು, ನನಗೆ ಕೇಳಲಿ ಎಂದು ಸ್ವಲ್ಪ ಜೋರಾಗಿ ಹೇಳುವಳು.

ಆ ಚಳಿಗಾಲ ಬಿದ್ದ ಹಿಮ ಹಿಂದಿನ ವರ್ಷಗಳಿಗಿಂತ ಹೆಚ್ಚೇನಿರಲಿಲ್ಲ. ಪಕ್ಕದ ಕಣಿವೆಯವರಂತೂ ಕಡಿಮೆ ಎಂದೇ ಗೋಳಾಡಿದರು. ವ್ಯತ್ಯಾಸ ಕಂಡದ್ದು ವಸಂತದಲ್ಲಿ. ಬೋಳು ದಿಣ್ಣೆಗಳೆಲ್ಲ ಕಪ್ಪಾಗಿ, ಬಾದಾಮಿ ಹೂವೂ ಉದುರಿಹೋದ ಮೇಲೆಯೂ ನಮ್ಮ ಬುಗ್ಗೆಯ ನೆತ್ತಿಯಲ್ಲಿ ಬಿಳಿ ತಟ್ಟೆಗಳನ್ನು ಜೋಡಿಸಿಟ್ಟ ಹಾಗೆ ಆ ಬಯಲುಗಳು ಕಾಣುತ್ತಿದ್ದವು. ಹಿಮ ಅವಸರವಿಲ್ಲದೆ ಕರಗಿತು, ನೆಲ ಅವಸರವಿಲ್ಲದೆ ಕುಡಿಯಿತು. ಕಾಲುವೆಯಲ್ಲಿ ಎಂದಿನಂತೆ ಕೆಂಪು ನೀರು ಭೋರಿಡಲಿಲ್ಲ, ತಿಳಿಯಾಗಿ, ಒಂದೇ ಸಮ ಹರಿಯಿತು. ಬಾರ್ಲಿ ಕುಯ್ದೆವು, ಕೆಳಕೇರಿಯಲ್ಲಿ ನೀರಿತ್ತು. ಬಣವೆ ಹಾಕಿದೆವು, ಆಗಲೂ ಇತ್ತು. ಯಾಮ್ನಾ ತನ್ನ ಮೆಕ್ಕೆಜೋಳಕ್ಕೆ ನೀರು ಕಟ್ಟುವುದನ್ನು ನಾನು ಮೇಲಿನಿಂದ ನೋಡಿದೆ. ಊರಿನ ಹೆಂಗಸರು ನನ್ನನ್ನು ಬಿಡಲಿಲ್ಲ. ರೊಟ್ಟಿ ಒಲೆಯ ಹತ್ತಿರ ಹೋದರೆ ಸಾಕು, ಇತ್ತೊ, ಮಗಳ ಬೆಳ್ಳಿ ತಿಕ್ಕಿಟ್ಟೆಯಾ, ಬೀಗಿತ್ತಿಗೆ ಏನು ಅಡುಗೆ ಎಂದು ಶುರುಮಾಡುವರು. ಇನ್ನೂ ಅಕ್ರೋಟು ಮರದಲ್ಲೇ ಇದೆ, ಬಾಯಿ ಮುಚ್ಚಿ ರೊಟ್ಟಿ ತಟ್ಟಿ ಎಂದು ನಾನೂ ಬಯ್ಯುವೆ.

ಬಿಸಿಲು ನೆತ್ತಿ ಸುಡುವ ಕಾಲದಲ್ಲಿ ಒಂದು ದಿನ, ತಪ್ಪಿಸಿಕೊಂಡ ಆಡನ್ನು ಹುಡುಕುತ್ತೇನೆ ಎಂದು ಸುಳ್ಳು ಹೇಳಿ ನಾನೊಬ್ಬಳೇ ಕಾಡಿಗೆ ಹತ್ತಿದೆ. ಒತ್ತು ಕಾಡಿನಲ್ಲಿ ನೆಲ ಕೆದಕಿದರೆ ಬೂದಿಯಂಥ ಧೂಳು. ನಾಲ್ಕು ಹೆಜ್ಜೆಯಾಚೆ, ನಾವು ತೆರೆದ ಬಯಲಿನಲ್ಲಿ ಹುಲ್ಲು ಮೊಣಕಾಲೆತ್ತರ ಬಂದಿತ್ತು. ಹುಲ್ಲು ಸರಿಸಿ ಮಣ್ಣಿನೊಳಗೆ ಕೈ ತೂರಿಸಿದೆ. ತಣ್ಣಗಿತ್ತು. ಮಣಿಕಟ್ಟಿನವರೆಗೂ ತಣ್ಣಗೆ, ಹಿಡಿದರೆ ಹಿಟ್ಟಿನ ಮುದ್ದೆಯ ಹಾಗೆ ಉಂಡೆಯಾಗುತ್ತಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಖುಷಿಗೆ ಅತ್ತೆನೋ, ಇಷ್ಟು ವರ್ಷ ಹೊಳೆ ದಾರಿ ಹತ್ತಿದ ಹೆಂಗಸರ ಮಂಡಿ ನೆನೆದು ಅತ್ತೆನೋ ನನಗೇ ಗೊತ್ತಿಲ್ಲ. ನಾನೇ ಹಾಕಿದ ಷರತ್ತಿನಲ್ಲಿ ನಾನು ಸೋಲಬೇಕು ಎಂದು ಮೊದಲ ಸಲ ಅನ್ನಿಸಿತು.

ಆದರೆ ಬುಗ್ಗೆ ನನ್ನ ಆಸೆ ಕೇಳಿ ಹರಿಯುತ್ತದೆಯೇ? ಬೇಸಿಗೆಯ ಕೊನೆಗೆ ನೀರು ಇಳಿಯತೊಡಗಿತು. ಒಂದೇ ಚಳಿಗಾಲದಲ್ಲಿ ಎಲ್ಲ ಸರಿಹೋಗುವುದಿಲ್ಲ, ಇಷ್ಟು ವರ್ಷ ಒಣಗಿದ ನೆಲ ತನ್ನ ಪಾಲು ಕುಡಿದೇ ಕುಡಿಯುತ್ತದೆ ಎಂದು ಶಾಮಾ ಮೊದಲೇ ಎಚ್ಚರಿಸಿದ್ದಳು. ಕೆಳಕೇರಿಯ ಕಾಲುವೆ ಮೊದಲು ಮೊಣಕೈ ಗಾತ್ರ ಆಯಿತು, ಆಮೇಲೆ ಮಣಿಕಟ್ಟಿನ ಗಾತ್ರ, ಆಮೇಲೆ ಬೆರಳು. ಅಕ್ರೋಟು ಮಾತ್ರ ಹಸಿರು ಅಂಗಿ ಬಿಚ್ಚಲಿಲ್ಲ. ಮರಗಳ ಬೇರಿಗೆ ಕೊನೆಯವರೆಗೂ ನೀರು ಸಿಕ್ಕಿ, ಆ ವರ್ಷ ಕಾಯಿ ದಪ್ಪವಾಗಿ ಬಂದಿತ್ತು, ಬಲಿಯುವುದೂ ನಿಧಾನವಾಗಿತ್ತು. ನೀರು ಬಂದದ್ದೇ ನನ್ನ ಮಗಳಿಗೆ ಮುಳುವಾಗುವ ಹಾಗೆ ಕಂಡಿತು. ತೂದಾ ಬೆಳಗಾದರೆ ಕೊಡ ಹಿಡಿದು ಕಾಲುವೆಯ ಬಾಲ ನೋಡಲು ಇಳಿಯುವಳು, ಕೊಡ ಮುಳುಗುವಷ್ಟಿಲ್ಲವೆಂದು ಖಾಲಿ ಕೊಡ ಹಿಡಿದೇ ಹತ್ತಿ ಬರುವಳು. ಯಾಮ್ನಾ ಬೇರೆ ಬಾಗಿಲು ತಟ್ಟುವ ಮಾತು ಎತ್ತಲಿಲ್ಲ, ಆದರೆ ಆಡಿದ ಮಾತನ್ನು ಅವಳು ಮರೆಯುವವಳೂ ಅಲ್ಲ.

ಒಂದು ಸಂಜೆ ಮಿಮೂನ್ ಅಕ್ರೋಟು ತೋಟ ಸುತ್ತಿ ಬಂದ. ಅಗ್ದಾಲ್ ನಾಳೆಯೇ ತೆರೆದುಬಿಡು ಎಂದೆ. ಮೊದಲು ಕೇಳಿಕೊಂಡೆ, ಆಮೇಲೆ ಬೈದೆ. ಅವನು ಲೋಟ ತಿರುಗಿಸಲಿಲ್ಲ, ಕೆಳಗಿಟ್ಟ.

“ಆಗಲ್ಲ ಇತ್ತೊ,” ಅಂದ. “ಕಾಯಿ ಬಲಿತಿಲ್ಲ. ಮೂರು ಕುಲದ ಕಾಯಿ ಅದು. ನನ್ನ ಮಗಳಿಗೋಸ್ಕರ ತೆರೆದ್ರೆ ನಾಳೆ ಇನ್ನೊಬ್ಬ ತನ್ನ ಕತ್ತೆಗೋಸ್ಕರ ತೆರೀತಾನೆ.”

ಸಿಟ್ಟು ಬಂತು. ಸಿಟ್ಟಿನ ಜೊತೆಗೆ, ಸತ್ಯ ಹೇಳುತ್ತೇನೆ, ಹೆಮ್ಮೆಯೂ ಬಂತು. ಹೇಳುವುದನ್ನು ಅಲ್ಲಿಗೇ ಬಿಟ್ಟೆ.

ಮಾರನೆಯ ದಿನ ಬಿಸಿಲೇರಿದ ಮೇಲೆ, ಎಲ್ಲರೂ ದಾರಿಯಲ್ಲಿ ಓಡಾಡುವ ಹೊತ್ತಿಗೇ, ನಾನು ಉದ್ದನೆಯ ಗಳ ಹೆಗಲಿಗೇರಿಸಿ ಕೆಳಕೇರಿಯ ಕಡೆ ಇಳಿದೆ. ಕಾಲುವೆಯ ಬಾಲದ ಹತ್ತಿರ ನನ್ನ ತವರಿನ ಪಾಲಾಗಿ ಬಂದ ಒಂದು ಅಕ್ರೋಟು ಮರವಿದೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಡಿಯತೊಡಗಿದೆ. ಹಸಿರು ಕಾಯಿಗಳು ದಬದಬ ಬಿದ್ದವು, ಕೆಲವು ನನ್ನ ತಲೆಯ ಮೇಲೇ ಬಿದ್ದವು. ಬಿದ್ದದ್ದು ಸಾಲದೆಂದು ಕೆಳಗಿನ ಕೊಂಬೆ ಬಗ್ಗಿಸಿ ಕೈಯಲ್ಲೂ ಕಿತ್ತೆ, ಸಿಪ್ಪೆಯ ರಸ ಮೊಣಕೈವರೆಗೂ ಇಳಿಯಿತು. ಸದ್ದು ಕೇಳಿ ಮೊದಲು ಹೆಂಗಸರು ಬಂದರು, ಆಮೇಲೆ ಯಾಮ್ನಾ ಬಂದಳು, ತೂದಾ ಖಾಲಿ ಕೊಡದ ಸಮೇತ ನಿಂತುಬಿಟ್ಟಳು. ಕೊನೆಗೆ ಬೆನ್ನಾಸರ್ ಊರುಗೋಲು ಊರುತ್ತ ಬಂದ.

“ತಲೆಗಿಲೆ ಕೆಟ್ಟಿದೆಯೇನಮ್ಮ ಇತ್ತೊ?” ಅಂದ. “ಅಗ್ದಾಲ್ ಇನ್ನೂ ತೆರೆದಿಲ್ಲ. ನೀನು ಯಜಮಾನನ ಹೆಂಡತಿ.”

ನಾನು ಗಳ ನೆಲಕ್ಕೂರಿ ಉಸಿರು ತೆಗೆದುಕೊಂಡೆ. “ತಾತ, ನೀವೇ ನೋಡಿ. ಅಕ್ರೋಟು ಬಿದ್ದಿದೆ ತಾನೇ? ಕಾಲುವೆ ಕಡೆ ತಿರುಗಿ. ನೀರು ಹರೀತಾ ಇದೆ ತಾನೇ?”

ಬೆರಳು ಗಾತ್ರದ ನೀರು ಕಲ್ಲುಗಳ ನಡುವೆ ನಿಜವಾಗಿಯೂ ಹರಿಯುತ್ತಿತ್ತು. ಬೆನ್ನಾಸರ್ ಅದನ್ನು ನೋಡಿದ, ನೆಲದ ಮೇಲಿನ ಕಾಯಿಗಳನ್ನು ನೋಡಿದ. ತಾನ್ತಾನೇ ಬೀಳಬೇಕಲ್ಲವೇ ಎಂದು ಗುಂಪಿನಲ್ಲಿ ಯಾರೋ ಅಂದರು.

“ಬೀಳೋವರೆಗೂ ಅಂದಿದ್ದೆ,” ಅಂದೆ. “ಯಾರು ಬೀಳಿಸ್ಬೇಕು ಅಂತ ನಾನೂ ಹೇಳಿಲ್ಲ, ಯಾಮ್ನಾನೂ ಕೇಳಿಲ್ಲ.”

ಮುದುಕನ ಹಲ್ಲಿಲ್ಲದ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಮೊದಲು ಕೆಮ್ಮು ಅಂದುಕೊಂಡೆ, ನೋಡಿದರೆ ನಗುತ್ತಿದ್ದ. ಅಷ್ಟರಲ್ಲಿ ಯಾರೋ ಕರೆದು ತಂದ ಮಿಮೂನ್ ಗುಂಪು ಸೀಳಿಕೊಂಡು ಬಂದ. ಯಜಮಾನ ತನ್ನ ಹೆಂಡತಿಗೆ ಏನು ಮಾಡುತ್ತಾನೆ ಎಂದು ಮೂರು ಕುಲದ ಕಣ್ಣೂ ಅವನ ಮೇಲಿತ್ತು. ಅವನು ನೆಲ ನೋಡಿದ, ಗಳ ನೋಡಿದ, ಕರೆ ಹಿಡಿದ ನನ್ನ ಕೈಗಳನ್ನು ನೋಡಿದ. ಸಭೆಯಲ್ಲಿ ಗೋಡೆಯಾಚೆಯಿಂದ ಕೇಳಿದ ಆ ದನಿ ಮತ್ತೆ ಬಂತು.

“ಅಗ್ದಾಲ್ ಮುರಿದಿದ್ದೀಯ. ಒಂದು ಟಗರು, ಮೂರು ಕುಲಕ್ಕೂ ಊಟ.”

“ಹಾಕ್ತೀನಿ,” ಅಂದೆ. “ಯಾವತ್ತು ಹಾಕ್ಲಿ?”

ಅವನು ತೂದಾಳ ಕಡೆ ನೋಡಲಿಲ್ಲ, ನೋಡಿದ್ದರೆ ಬಹುಶಃ ಮಾತು ಹೊರಡುತ್ತಿರಲಿಲ್ಲ. ಯಾಮ್ನಾಳ ಕಡೆ ತಿರುಗಿದ.

“ಇವರ ಮನೆಯೋರು ಹೆಣ್ಣು ಕರ್ಕೊಂಡು ಹೋಗೋಕೆ ಯಾವತ್ತು ಬರ್ತಾರೋ, ಅವತ್ತು.”

ತೂದಾಳ ಕೈಯಿಂದ ಕೊಡ ಜಾರಿ ಕಾಲುವೆಗೆ ಬಿತ್ತು. ಆ ಬೆರಳು ಗಾತ್ರದ ನೀರು ಅದರೊಳಗೆ ನುಗ್ಗುತ್ತಿದ್ದರೂ ಯಾರೂ ಅದನ್ನು ಎತ್ತಲಿಲ್ಲ. ಯಾಮ್ನಾ ನನ್ನನ್ನು ತಬ್ಬಿಕೊಂಡು, ನಿನ್ನಂಥ ಬೀಗಿತ್ತಿ ಸಿಕ್ಕ ಮೇಲೆ ದೇವರೇ ಕಾಪಾಡಬೇಕು ಎಂದಳು, ನಿನ್ನನ್ನೋ ನನ್ನನ್ನೋ ಎಂದು ನಾನು ಕೇಳಿದೆ.

ಹಿಂಡಿನ ದೊಡ್ಡ ಟಗರನ್ನೇ ಕಡಿದೆವು. ಊಟದ ದಿನ ಹಿರಿಯರು ಮಾಂಸ, ರವೆಯ ಕುಸ್ಕುಸ್ ಹೊಡೆಯುತ್ತ, ಸರದಿ ನಮ್ಮದಲ್ಲದಿದ್ದರೂ ಮಿಮೂನ್‌ನನ್ನೇ ಇನ್ನೊಂದು ವರ್ಷ ಇಟ್ಟುಕೊಳ್ಳೋಣ, ಈ ಹಿಮಕ್ಕೆ ಮುಂಚೆ ಪೂರ್ವದ ಇಳಿಜಾರನ್ನೂ ಬಿಡಿಸೋಣ ಎಂದು ಮಾತಾಡಿಕೊಂಡರು. ಅಕ್ರೋಟಿನ ಹಸಿ ಸಿಪ್ಪೆಯ ಕರೆ ಬೂದಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಮದುಮಗಳ ತಾಯಿ ಗೋರಂಟಿ ಹಚ್ಚಿದ ಕೈಯಲ್ಲಿ ನಿಲ್ಲಬೇಕಾದಲ್ಲಿ, ನಾನು ಮೊಣಕೈವರೆಗೂ ಕಪ್ಪಾದ ಕೈಯಲ್ಲೇ ನಿಂತು ನನ್ನ ಮಗಳನ್ನು ಕೆಳಕೇರಿಗೆ ಕೊಟ್ಟೆ.